ಬೇಸ್ ಹುಟ್ಟುವುದು ಕೋಣೆಯಲ್ಲಿ

ರೆಗೆ ಮತ್ತು ಡಬ್ ರೆಕಾರ್ಡುಗಳನ್ನು ಮನೆಯಲ್ಲಿ ಹಾಕಿಕೊಂಡು ಕೇಳುವವರ ದೂರು ಸಾಮಾನ್ಯವಾಗಿ ಒಂದೇ: ಬೇಸ್ ಬರುತ್ತಿಲ್ಲ. ಅಥವಾ ಅದರ ತದ್ವಿರುದ್ಧ: ಬೇಸ್ ಬಿಟ್ಟು ಬೇರೇನೂ ಕೇಳುತ್ತಿಲ್ಲ, ಬರೀ ಗುಂಯ್ ಅನ್ನುತ್ತದೆ. ಎರಡಕ್ಕೂ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಸಿಗುವ ಔಷಧಿಯೂ ಒಂದೇ. ಇನ್ನೂ ದೊಡ್ಡ ಸ್ಪೀಕರ್, ಇನ್ನೂ ಹೆಚ್ಚು ವಾಟ್‌ನ ಸಬ್‌ವೂಫರ್. ಔಷಧಿ ಕೆಲಸ ಮಾಡದಿದ್ದರೆ ದೋಷ ಅಂಗಡಿಯವರದ್ದಲ್ಲ, ರೋಗ ಗುರುತಿಸಿದ್ದೇ ತಪ್ಪು. ನೂರು ಹರ್ಟ್ಸ್‌ಗಿಂತ ಕೆಳಗಿನ ಶಬ್ದದ ಮಟ್ಟಿಗೆ ನಮ್ಮ ಕಿವಿಗೆ ಬೀಳುವುದನ್ನು ಸ್ಪೀಕರ್ ಎಷ್ಟು ನಿರ್ಧರಿಸುತ್ತದೋ ಅದಕ್ಕಿಂತ ಹೆಚ್ಚಾಗಿ ಕೋಣೆಯ ಅಳತೆ, ಪೆಟ್ಟಿಗೆ ಇಟ್ಟ ಜಾಗ ಮತ್ತು ಕೇಳುವವರು ಕೂತ ಜಾಗ ನಿರ್ಧರಿಸುತ್ತವೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಕೋಣೆಗಳು ಈ ಮಾತಿಗೆ ಒಳ್ಳೆಯ ಉದಾಹರಣೆ. ಅಲ್ಲಿ ಒಂದೇ ಬೀದಿಯಲ್ಲಿ ಹೆಂಚಿನ ಮನೆಯೂ ಇದೆ, ಮದ್ರಾಸ್ ತಾರಸಿಯೂ ಇದೆ, ಹಳೆಯ ಮನೆ ಕೆಡವಿ ಎಬ್ಬಿಸಿದ ಕಾಂಕ್ರೀಟ್ ಅಪಾರ್ಟ್‌ಮೆಂಟೂ ಇದೆ. ಒಂದೇ ರೆಕಾರ್ಡು ಮೂರರಲ್ಲೂ ಮೂರು ರೀತಿ ಕೇಳುತ್ತದೆ.

ಮೊದಲು ಡಬ್ ಎಲ್ಲಿಗಾಗಿ ಹುಟ್ಟಿತು ಅನ್ನುವುದನ್ನು ನೋಡಬೇಕು. ಜಮೈಕಾದ ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಬಡಾವಣೆಯಲ್ಲಿ ಆಸ್ಬೋರ್ನ್ ರಡಕ್ ಎಂಬ ಎಲೆಕ್ಟ್ರಾನಿಕ್ಸ್ ರಿಪೇರಿಯವರಿದ್ದರು. ಲೋಕ ಅವರನ್ನು ಕಿಂಗ್ ಟಬ್ಬಿ ಎಂದು ಬಲ್ಲದು. ಟ್ರಾನ್ಸ್‌ಫಾರ್ಮರ್ ಸುತ್ತುವುದು, ಆಂಪ್ಲಿಫೈಯರ್ ಕಟ್ಟುವುದು ಅವರ ಕಸುಬು. ತಮ್ಮದೇ ಸೌಂಡ್ ಸಿಸ್ಟಮ್ಮನ್ನೂ ನಡೆಸುತ್ತಿದ್ದರು. 1970ರ ದಶಕದ ಮೊದಲ ವರ್ಷಗಳಿಂದ ಅವರು ಸಿದ್ಧವಾಗಿದ್ದ ಹಾಡುಗಳ ಟೇಪು ತೆಗೆದುಕೊಂಡು ಗಾಯಕನ ದನಿಯನ್ನು ಕಿತ್ತು, ಗಿಟಾರನ್ನು ಆಗೊಮ್ಮೆ ಈಗೊಮ್ಮೆ ಮಿಂಚಿಸಿ, ಡ್ರಮ್ ಮತ್ತು ಬೇಸನ್ನು ಮಾತ್ರ ನಿಲ್ಲಿಸಿ, ಉಳಿದ ಖಾಲಿಯನ್ನು ಪ್ರತಿಧ್ವನಿಯಿಂದ ತುಂಬತೊಡಗಿದರು. ಆಗಸ್ಟಸ್ ಪಾಬ್ಲೊ 1976ರಲ್ಲಿ ಹೊರತಂದ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಆಲ್ಬಮ್ ಈ ಕೈಚಳಕದ ಪ್ರಸಿದ್ಧ ಮಾದರಿ. ಇಂಥ ಸಂಗೀತ ಮೊಳಗಿದ್ದು ಆಕಾಶವೇ ಸೂರಾಗಿದ್ದ ಬಯಲು ಅಂಗಳಗಳಲ್ಲಿ. ಅಲ್ಲಿ ಶಬ್ದವನ್ನು ಹಿಂದಕ್ಕೆ ಕಳಿಸುವ ಗೋಡೆಯಿಲ್ಲ, ಸೂರಿಲ್ಲ. ಹೋದದ್ದು ಹೋಯಿತು. ಅದಕ್ಕೇ ಅಲ್ಲಿ ಬೀರುವಿನಷ್ಟು ಎತ್ತರದ ಪೆಟ್ಟಿಗೆಗಳು, ಸಾವಿರಾರು ವಾಟ್‌ಗಳು ಬೇಕಾದವು.

ಬಯಲಿನಲ್ಲಿ ಇದು ಸರಿಯಾದ ಲೆಕ್ಕ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಬಿಡಿಯಾಗಿ ಮೀಟಿದರೆ ಕೊಡುವುದು 41 ಹರ್ಟ್ಸ್. ಸೆಕೆಂಡಿಗೆ ಸುಮಾರು 346 ಮೀಟರ್ ಓಡುವ ಶಬ್ದಕ್ಕೆ ಆ ಸ್ವರದ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಇಷ್ಟು ಉದ್ದದ ಅಲೆಯನ್ನು ಎಬ್ಬಿಸಲು ಗಾಳಿಯನ್ನು ಬಹಳ ನೂಕಬೇಕು: ಅದೇ ಮಟ್ಟದ ಶಬ್ದಕ್ಕೆ ಒಂದು ಸ್ಥಾಯಿ ಕೆಳಗಿಳಿದಾಗಲೆಲ್ಲ ಸ್ಪೀಕರಿನ ಕೋನ್ ನಾಲ್ಕು ಪಟ್ಟು ಹೆಚ್ಚು ಹಿಂದೆಮುಂದೆ ಆಡಬೇಕಾಗುತ್ತದೆ. 160 ಹರ್ಟ್ಸ್‌ನಲ್ಲಿ ಅರ್ಧ ಮಿಲಿಮೀಟರ್ ಆಡುವ ಕೋನ್ 40ರಲ್ಲಿ ಎಂಟು ಮಿಲಿಮೀಟರ್ ಆಡಬೇಕು. ನಾಲ್ಕಿಂಚಿನ ಕೋನ್ ಅಷ್ಟು ಆಡಿದರೆ ಹರಿದೇ ಹೋದೀತು. ದೊಡ್ಡ ಕೋನ್ ಯಾಕೆ ಬೇಕು ಅನ್ನುವುದಕ್ಕೆ ಕಾರಣ ಇಷ್ಟೇ, ಮತ್ತು ಅದು ಸುಳ್ಳಲ್ಲ. ಆದರೆ ಈ ಲೆಕ್ಕವನ್ನು ಹಾಗೇ ಮನೆಯೊಳಕ್ಕೆ ತಂದರೆ ಎಡವುತ್ತೇವೆ. ಮನೆಯಲ್ಲಿ ಆರು ಗೋಡೆಗಳಿವೆ, ನೆಲ ಸೂರುಗಳನ್ನೂ ಸೇರಿಸಿದರೆ. ಹೋದದ್ದು ಹೋಗುವುದಿಲ್ಲ, ತಿರುಗಿ ಬರುತ್ತದೆ.

ತಿರುಗಿ ಬಂದದ್ದು ಏನು ಮಾಡುತ್ತದೆ ಅನ್ನುವುದಕ್ಕೆ ಒಂದು ಕೋಣೆಯನ್ನೇ ತೆಗೆದುಕೊಳ್ಳೋಣ. ಹತ್ತು ಹನ್ನೆರಡರ ರೂಮು, ಹತ್ತಡಿ ಎತ್ತರ. ಹಳೆಯ ಬಡಾವಣೆಗಳಲ್ಲಿ ಮೇಸ್ತ್ರಿಗಳ ಬಾಯಲ್ಲಿ ಸದಾ ಇರುವ ಅಳತೆ ಇದು. ಎದುರುಬದುರು ಗೋಡೆಗಳ ನಡುವಿನ ದೂರಕ್ಕೆ ಸರಿಯಾಗಿ ಅರ್ಧ ಅಲೆ ಕೂತಾಗ ಹೋಗುವ ಅಲೆಯೂ ಬರುವ ಅಲೆಯೂ ಒಂದರ ಮೇಲೊಂದು ಬಿದ್ದು ಅಲ್ಲೇ ನಿಲ್ಲುತ್ತವೆ. ಜೋಕಾಲಿಯನ್ನು ಅದರದ್ದೇ ಲಯಕ್ಕೆ ನೂಕಿದಂತೆ ಸಣ್ಣ ತಳ್ಳುವಿಕೆಗೂ ದೊಡ್ಡ ಆಟ. ಹನ್ನೆರಡು ಅಡಿಗೆ, ಎಂದರೆ 3.66 ಮೀಟರಿಗೆ, ಈ ಅನುರಣನ 47 ಹರ್ಟ್ಸ್‌ನಲ್ಲಿ. ಹತ್ತು ಅಡಿಗೆ 57ರಲ್ಲಿ. ಅಗಲ ಎತ್ತರ ಎರಡೂ ಹತ್ತೇ ಆದ್ದರಿಂದ 57 ಎರಡು ಸಲ ಬರುತ್ತದೆ. ಉದ್ದ ಅಗಲ ಒಟ್ಟಿಗೆ ಆಡಿದಾಗ 74ರಲ್ಲೊಂದು, ಅಗಲ ಎತ್ತರ ಸೇರಿ 80ರಲ್ಲಿ ಇನ್ನೊಂದು. ಇವುಗಳ ನಡುವೆ, 57ರಿಂದ 74ರ ತನಕ, ಕೋಣೆಯ ಕಡೆಯಿಂದ ಯಾವ ಸಹಾಯವೂ ಇಲ್ಲದ ಒಂದು ಬಯಲು.

ಈಗ ರೆಗೆಯ ಎಷ್ಟೋ ಬೇಸ್ ಸಾಲುಗಳು ಓಡಾಡುವ ಎ ಮೈನರ್ ಶ್ರುತಿಯನ್ನು ಈ ಕೋಣೆಯಲ್ಲಿ ಬಾರಿಸಿ ನೋಡಿ. ಷಡ್ಜ 55 ಹರ್ಟ್ಸ್, 57ರ ಅನುರಣನಕ್ಕೆ ಅಂಟಿಕೊಂಡೇ ಇದೆ, ಹಾಗಾಗಿ ಅದು ಉಬ್ಬುತ್ತದೆ. ಮಧ್ಯಮ 73, ಅದಕ್ಕೆ 74ರ ಆಸರೆ. ಪಂಚಮ 82, ಅದಕ್ಕೆ 80ರ ಆಸರೆ. ನಡುವಿನ ಸಾಧಾರಣ ಗಾಂಧಾರ ಬೀಳುವುದು 65ರಲ್ಲಿ, ಬಯಲಿನ ಸರಿಯಾದ ಮಧ್ಯಕ್ಕೆ. ಮೈನರನ್ನು ಮೈನರ್ ಮಾಡುವ ಸ್ವರವೇ ಬಡವಾಯಿತು. ಬೇಸ್ ಬಾರಿಸಿದವನು ನಾಲ್ಕೂ ಸ್ವರಗಳನ್ನು ಒಂದೇ ತೂಕದಲ್ಲಿ ಮೀಟಿದ್ದರೂ ಕೇಳುವವರಿಗೆ ಷಡ್ಜವೊಂದು ಧಡ್ ಧಡ್ ಎಂದು, ಗಾಂಧಾರ ಇತ್ತೋ ಇಲ್ಲವೋ ಎಂದು ಕೇಳುತ್ತದೆ. ‘ಒಂದೇ ಸ್ವರದ ಬೇಸ್’ ಎಂಬ ದೂರು ಬರುವುದು ಇಲ್ಲಿಂದ. ಇಲ್ಲಿ ದೊಡ್ಡ ಸ್ಪೀಕರ್ ತಂದು ಜೋಡಿಸಿದರೆ ಷಡ್ಜ ಇನ್ನಷ್ಟು ಉಬ್ಬುತ್ತದೆ, ಗಾಂಧಾರ ತನ್ನ ಬಡತನದ ಪ್ರಮಾಣದಲ್ಲೇ ಉಳಿಯುತ್ತದೆ. ಅಪಾರ್ಟ್‌ಮೆಂಟಿನ ಒಂಬತ್ತೂವರೆ ಅಡಿ ಸೂರಿನ ಕೋಣೆಯಲ್ಲಿ ಅಂಕಿಗಳು ಬೇರೆ, ಕಥೆ ಇದೇ.

ಸ್ವರದ ಏರಿಳಿತ ಒಂದು ಕಡೆಯಾದರೆ ಕಾಲದ್ದು ಇನ್ನೊಂದು, ನನ್ನ ಮಟ್ಟಿಗೆ ಅದೇ ದೊಡ್ಡದು. ನಿಂತ ಅಲೆ ಥಟ್ಟನೆ ಸಾಯುವುದಿಲ್ಲ. ಬೇಸ್ ಬಾರಿಸುವವನು ತಂತಿ ಮುಚ್ಚಿದ ಮೇಲೂ ಕೋಣೆ ಬಾರಿಸುತ್ತಲೇ ಇರುತ್ತದೆ. ಕಾರ್ಲ್‌ಟನ್ ಬ್ಯಾರೆಟ್ ಡ್ರಮ್ಮಿನಲ್ಲಿ ಪ್ರಸಿದ್ಧಗೊಳಿಸಿದ ‘ಒನ್ ಡ್ರಾಪ್’ ಎಂಬ ನಡೆಯಲ್ಲಿ ಮೊದಲ ಪೆಟ್ಟು ಖಾಲಿ, ಮೂರನೆಯದಕ್ಕೆ ಒತ್ತು. ನಮ್ಮ ತಾಳದಲ್ಲಿ ಅನಾಗತ, ಅತೀತ ಎಡುಪುಗಳಿಗೆ ತಲೆದೂಗುವವರಿಗೆ ಸಮದ ಮೇಲೆ ಏನೂ ಬೀಳದಿರುವುದರ ರುಚಿ ಹೇಳಿಕೊಡಬೇಕಿಲ್ಲ. ನಿಮಿಷಕ್ಕೆ 75 ಪೆಟ್ಟಿನ ವೇಗದಲ್ಲಿ ಒಂದು ಪೆಟ್ಟಿನಿಂದ ಇನ್ನೊಂದಕ್ಕೆ 0.8 ಸೆಕೆಂಡ್. ಹಿಂದಿನ ಸ್ವರ ಕೋಣೆಯಲ್ಲಿ ಅಷ್ಟು ಹೊತ್ತು ಗುನುಗುತ್ತಿದ್ದರೆ ಆ ಖಾಲಿ ಖಾಲಿಯಾಗಿ ಉಳಿಯುವುದೇ ಇಲ್ಲ. ಟಬ್ಬಿ ಕತ್ತರಿಸಿ ಕತ್ತರಿಸಿ ತೆರವು ಮಾಡಿದ ಜಾಗವನ್ನು ನಮ್ಮ ಗೋಡೆಗಳು ಕೆಸರು ಹಾಕಿ ಮುಚ್ಚುತ್ತವೆ.

ಹಾಗಾದರೆ ಹಳೆಯ ಮನೆ ಒಳ್ಳೆಯದೋ ಹೊಸದೋ? ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಮೂರೂ 1890ರ ದಶಕದ ಬಡಾವಣೆಗಳು. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಗಾಳಿ ಬೆಳಕು ಹುಡುಕಿಕೊಂಡು ಬಂದವರಿಂದ ತುಂಬಿಕೊಂಡವು. ಗಾಳಿಯಾಡಲೆಂದೇ ಕಟ್ಟಿದ ಮನೆಗಳಲ್ಲಿ ಮಂಗಳೂರು ಹೆಂಚಿನ ಸೂರು, ಸೂರಿನಂಚಿಗೆ ಸಂದು, ಎತ್ತರದಲ್ಲಿ ಗವಾಕ್ಷಿ, ನಡುಮನೆಯಿಂದ ಪಡಸಾಲೆಗೆ ಸದಾ ತೆರೆದ ಬಾಗಿಲು. ಬೇಸಿನ ಅಲೆಗೆ ಹೆಂಚಿನ ಸೂರು ಇದ್ದೂ ಇಲ್ಲದಂತೆ. ಒಂದಿಷ್ಟು ಹೊರಗೆ ಸೋರುತ್ತದೆ, ಒಂದಿಷ್ಟು ರೀಪರುಗಳನ್ನೂ ಹೆಂಚುಗಳನ್ನೂ ಅಲುಗಿಸುವುದರಲ್ಲಿ ಕರಗುತ್ತದೆ. ಅನುರಣನ ಬಲವಾಗಿ ಕಟ್ಟಿಕೊಳ್ಳುವುದಿಲ್ಲ. ಬೇಸ್ ತೆಳ್ಳಗೆ, ಆದರೆ ಚೊಕ್ಕ, ಬಯಲಿಗೆ ಹತ್ತಿರ. ಕಾಂಕ್ರೀಟಿನ ಸೂರು, ಸಿಮೆಂಟ್ ಬ್ಲಾಕಿನ ಗೋಡೆ, ಬಿಗಿಯಾಗಿ ಮುಚ್ಚುವ ಕಿಟಕಿಯ ಹೊಸ ಕೋಣೆ ಬೇಸನ್ನು ಹೆಚ್ಚುಕಡಿಮೆ ಪೂರ್ತಿ ತಿರುಗಿಸಿ ಕಳಿಸುತ್ತದೆ. ಅಲ್ಲಿ ಉಬ್ಬು ಜೋರು, ಗುನುಗು ದೀರ್ಘ. ಆದರೆ ಅದಕ್ಕೊಂದು ಲಾಭವೂ ಇದೆ, ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳದ ಲಾಭ. ಎಂಟು ಮೀಟರಿನ ಅಲೆ ನಾಲ್ಕು ಮೀಟರಿನ ಕೋಣೆಯಲ್ಲಿ ಹಿಡಿಸುವುದೇ ಇಲ್ಲ, ಆದ್ದರಿಂದ ಸಣ್ಣ ಕೋಣೆಯಲ್ಲಿ ಆಳದ ಬೇಸ್ ಅಸಾಧ್ಯ ಎನ್ನುವ ಮಾತಿದೆಯಲ್ಲ, ಅದು ತಪ್ಪು. ಕಿವಿಗೆ ಬೇಕಾದದ್ದು ಅಲೆಯ ಪೂರ್ತಿ ಉದ್ದವಲ್ಲ, ಒತ್ತಡದ ಏರಿಳಿತ. ಕೋಣೆಯ ಅತಿ ಕೆಳಗಿನ ಅನುರಣನಕ್ಕಿಂತಲೂ ಕೆಳಗೆ, ಇಲ್ಲಿ 47 ಹರ್ಟ್ಸ್‌ಗಿಂತ ಕೆಳಗೆ, ಮುಚ್ಚಿದ ಕೋಣೆಯ ಗಾಳಿಯೆಲ್ಲ ಒಟ್ಟಿಗೆ ಒತ್ತಿ ಸಡಿಲಾಗುತ್ತದೆ. ಸ್ಪೀಕರ್ ಎಷ್ಟು ಸೋಲುತ್ತದೋ ಅದರಲ್ಲಿ ದೊಡ್ಡ ಪಾಲನ್ನು ಕೋಣೆ ತುಂಬಿಕೊಡುತ್ತದೆ. ಕೋಣೆ ಸಣ್ಣದಾದಷ್ಟೂ ಬಿಗಿಯಾದಷ್ಟೂ ಈ ಸಹಾಯ ಹೆಚ್ಚು. ಗವಾಕ್ಷಿ ಇರುವ ಮನೆಗೆ ಇದು ಸಿಗದು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಇಷ್ಟೆಲ್ಲ ರಗಳೆ ಯಾಕೆ, ಅಂಗೈಯಗಲದ ಬ್ಲೂಟೂತ್ ಡಬ್ಬಿಯಲ್ಲೂ ಬೇಸ್ ಕೇಳುತ್ತದಲ್ಲ? ಕೇಳುತ್ತದೆ, ನಿಜ, ಮತ್ತು ಅದಕ್ಕೆ ಕಾರಣ ಡಬ್ಬಿಯಲ್ಲಿಲ್ಲ, ಮಿದುಳಿನಲ್ಲಿದೆ. ಹಳೆಯ ಲ್ಯಾಂಡ್‌ಲೈನ್ ಫೋನು ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್ ಮಾತ್ರ. ಗಂಡಸಿನ ದನಿಯ ಮೂಲ ಸ್ವರ ನೂರು ನೂರಿಪ್ಪತ್ತರ ಆಸುಪಾಸಿನದು. ಅದು ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ಆದರೂ ಅಪ್ಪನ ದನಿ ಅಪ್ಪನ ದನಿಯಾಗಿಯೇ ಕೇಳುತ್ತಿತ್ತು. ಮೂಲ ಸ್ವರ ಇಲ್ಲದಿದ್ದರೂ ಅದರ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳು ಬಂದರೆ ಮಿದುಳು ಅವುಗಳ ಅಂತರ ನೋಡಿ ಮೂಲವನ್ನು ತಾನೇ ಊಹಿಸಿಕೊಳ್ಳುತ್ತದೆ. ಜರ್ಮನಿಯ ಆಗಸ್ಟ್ ಸೀಬೆಕ್ 1840ರ ದಶಕದಲ್ಲಿ ತೂತು ಕೊರೆದ ತಿರುಗು ತಟ್ಟೆಯ ಸೈರನ್ನಿನಿಂದ ಇದರ ಸುಳಿವು ಹಿಡಿದಿದ್ದರು.

ಈ ಊಹೆಗೆ ಉಪಸ್ವರಗಳು ಬೇಕು, ಅವೂ ಅಚ್ಚುಕಟ್ಟಾದ ಪಟ್ಟಿಯಲ್ಲಿ. ಆ ವಿಷಯದಲ್ಲಿ ಬೆಂಗಳೂರಿಗೆ ತನ್ನದೇ ಒಂದು ಅಧ್ಯಾಯವಿದೆ. ಸಿ.ವಿ. ರಾಮನ್ 1933ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ನಿರ್ದೇಶಕರಾಗಿ ಬಂದರು. ಮಲ್ಲೇಶ್ವರದಲ್ಲಿ ಅವರ ‘ಪಂಚವಟಿ’ ಮನೆ ಇವತ್ತಿಗೂ ಇದೆ. ಅವರೇ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯ ಮೊದಲ ಸಂಪುಟದಲ್ಲಿ, 1934ರಲ್ಲಿ, ಮೃದಂಗ ತಬಲಾಗಳ ಕುರಿತ ಅವರ ಲೇಖನ ಬಂತು. ಸಮನಾಗಿ ಬಿಗಿದ ಬರಿಯ ಚರ್ಮದ ಕಂಪನಗಳು 1, 1.59, 2.14, 2.30 ಹೀಗೆ ಒಂದಕ್ಕೊಂದು ಹೊಂದದ ಲೆಕ್ಕದಲ್ಲಿ ಏಳುತ್ತವೆ. ಅದಕ್ಕೇ ತಮಟೆಗೆ ಗದ್ದಲವುಂಟು, ಶ್ರುತಿ ಇಲ್ಲ. ಮೃದಂಗದ ಬಲಮೈಗೆ ಪದರ ಪದರವಾಗಿ ಮೆತ್ತಿದ ಕರಿಯ ಕರಣೆ ಈ ಲೆಕ್ಕವನ್ನು ತಿದ್ದುತ್ತದೆ. ಚರ್ಮದ ಮೇಲೆ ನಯವಾದ ಮರಳು ಉದುರಿಸಿ, ಬೆರಳಿಟ್ಟು ಬಾರಿಸಿ, ಮರಳು ಎಲ್ಲೆಲ್ಲಿ ಗೆರೆಗಟ್ಟುತ್ತದೆ ಎಂದು ನೋಡಿ ರಾಮನ್ ತೋರಿಸಿದ್ದು ಇದನ್ನು: ಒಂಬತ್ತು ಬಗೆಯ ಕಂಪನಗಳು ಐದು ಗುಂಪಾಗಿ 1, 2, 3, 4, 5ರ ಲೆಕ್ಕಕ್ಕೆ ಬಂದು ಕೂರುತ್ತವೆ. ಚರ್ಮವೊಂದು ತಂತಿಯ ಗುಣ ಪಡೆಯುತ್ತದೆ. ಆದ್ದರಿಂದಲೇ ರಾಮನವಮಿಗೆ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದ ಕಛೇರಿಯನ್ನು ಯಾರೋ ಮೊಬೈಲಿನಲ್ಲಿ ಹಿಡಿದು, ಇನ್ಯಾರೋ ಮೊಬೈಲಿನಲ್ಲೇ ಕೇಳಿದರೂ ಮೃದಂಗದ ಶ್ರುತಿ ಪತ್ತೆಯಾಗುತ್ತದೆ. ಮೂಲ ಸ್ವರ ಸೋರಿಹೋದರೂ ಪಟ್ಟಿಯ ಉಳಿದವು ಸಾಕ್ಷಿ ಹೇಳುತ್ತವೆ.

ಡಬ್ ಬೇಸ್ ಇದಕ್ಕೆ ಉಲ್ಟಾ. ರೆಗೆಯ ಬೇಸ್ ವಾದಕರು ತಂತಿಯನ್ನು ಹೆಬ್ಬೆರಳಿನಿಂದಲೋ ಬೆರಳ ಮೆತ್ತನೆಯ ತುದಿಯಿಂದಲೋ ಮೀಟಿ, ಟೋನ್ ತಿರುಪನ್ನು ಪೂರ್ತಿ ಇಳಿಸಿ, ಉಪಸ್ವರಗಳನ್ನು ಬೇಕೆಂದೇ ಸಾಯಿಸುತ್ತಾರೆ. ಮಿಕ್ಸರಿನಲ್ಲಿ ಉಳಿದದ್ದನ್ನೂ ಒರೆಸಿದರೆ ಸಿಗುವುದು ದುಂಡಗಿನ, ಬರೀ ಮೂಲವೇ ಇರುವ ಸ್ವರ. ಮೊಬೈಲಿನ ಸ್ಪೀಕರ್ 300 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ಕೊಡದು. 41 ಹರ್ಟ್ಸ್‌ನ ಸ್ವರದ ಎಂಟನೆಯ ಉಪಸ್ವರದಿಂದ ಮೇಲೆ ಏನಿದೆಯೋ ಅಷ್ಟೇ ಅದಕ್ಕೆ ದಕ್ಕುವುದು, ಡಬ್ಬಿನಲ್ಲಿ ಅಲ್ಲಿ ಏನೂ ಇರುವುದಿಲ್ಲ. ಮಿದುಳಿಗೆ ಊಹಿಸಲು ಸಾಕ್ಷಿಯೇ ಇಲ್ಲ. ಸಿನಿಮಾ ಹಾಡಿನ ಬೇಸು ಸಣ್ಣ ಡಬ್ಬಿಯಲ್ಲಿ ಬದುಕುತ್ತದೆ, ಮೃದಂಗ ಬದುಕುತ್ತದೆ, ಡಬ್ ಸಾಯುತ್ತದೆ. ಹಾಗಾಗಿ ಈ ಸಂಗೀತಕ್ಕೆ ನಿಜವಾದ ಕೆಳದನಿಯೇ ಬೇಕು, ಎಂಟು ಅಥವಾ ಹತ್ತು ಇಂಚಿನ ಒಂದು ಕೋನ್ ಬೇಕು ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಒಪ್ಪದಿರುವುದು ಅದರಾಚೆಯ ಹೆಜ್ಜೆಯನ್ನು.

ಕಿವಿಯದ್ದೂ ಇಲ್ಲಿ ಪಾತ್ರವಿದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದಂತೆ ಕಿವಿ ಎಲ್ಲ ಸ್ವರಗಳಿಗೂ ಸಮನಾಗಿ ತೆರೆದುಕೊಳ್ಳುವುದಿಲ್ಲ. ಸಾವಿರ ಹರ್ಟ್ಸ್‌ನ ಸದ್ದು ಎರಡು ಮೂರು ಡೆಸಿಬಲ್ ಇದ್ದರೂ ಕೇಳುತ್ತದೆ. 50 ಹರ್ಟ್ಸ್ ಕೇಳಿಸಲು ಸುಮಾರು 44 ಬೇಕು, 40ಕ್ಕೆ ಸುಮಾರು 51. ವಾಲ್ಯೂಮ್ ಇಳಿಸುತ್ತ ಹೋದರೆ ಬೇಸ್ ಮೊದಲು ಮುಳುಗುತ್ತದೆ. ಹಳೆಯ ಆಂಪ್ಲಿಫೈಯರುಗಳ ಮೇಲಿದ್ದ ‘ಲೌಡ್‌ನೆಸ್’ ಗುಂಡಿ ಇದಕ್ಕೇ ಇದ್ದದ್ದು: ಸಣ್ಣ ದನಿಯಲ್ಲಿ ಕೇಳುವಾಗ ಬೇಸನ್ನಷ್ಟೇ ಎತ್ತಿಕೊಡಲು. ಅದನ್ನು ಅಪಚಾರವೆಂದು ತೆಗೆದುಹಾಕಿದ ಶುದ್ಧಾಚಾರಿಗಳು ಮನೆಯಲ್ಲಿ ಯಾರೂ ಮಲಗುವುದಿಲ್ಲ ಎಂದುಕೊಂಡಿದ್ದರೇನೋ.

ಕೋಣೆಯೇ ಕಾರಣವಾದರೆ ಗೋಡೆಗೆ ಹಾಸಿಗೆ, ಕಂಬಳಿ, ಮೊಟ್ಟೆಯ ಟ್ರೇ ಹೊಡೆದರಾಯಿತು ಎಂಬ ಸಲಹೆಯೂ ಉಂಟು. ಇವು ಮಾತು ಮತ್ತು ಸಿಂಬಲ್‌ಗಳ ಕಚಪಚವನ್ನು ಒಂದಿಷ್ಟು ನುಂಗುತ್ತವೆ, ಬೇಸನ್ನು ಮುಟ್ಟುವುದಿಲ್ಲ. ಹತ್ತಿಯಂಥ ವಸ್ತು ಶಬ್ದವನ್ನು ಹೀರುವುದು ಗಾಳಿಯ ಕಣ ಓಡಾಡುವಲ್ಲಿ. ಗೋಡೆಗೆ ತಾಗಿದಲ್ಲಿ ಕಣ ನಿಂತೇ ಇರುತ್ತದೆ, ಅದರ ಓಡಾಟ ಅತಿ ಹೆಚ್ಚಿರುವುದು ಕಾಲು ಅಲೆಯಷ್ಟು ದೂರದಲ್ಲಿ. 50 ಹರ್ಟ್ಸ್‌ಗೆ ಆ ದೂರ 1.7 ಮೀಟರ್. ನಾಲ್ಕಿಂಚಿನ ಹತ್ತಿ ಹಾಸಿಗೆ ಅಲ್ಲಿಗೆ ಎಲ್ಲಿಂದ ತಲುಪೀತು? ಈಕ್ವಲೈಸರಿನ ಭರವಸೆ ಇದಕ್ಕಿಂತ ವಾಸಿ, ಅದೂ ಅರ್ಧ ಮಾತ್ರ. ಉಬ್ಬಿದ 57ನ್ನು ಅದು ತಗ್ಗಿಸಬಲ್ಲದು. ಅಲೆಗಳು ಒಂದನ್ನೊಂದು ಹೊಡೆದುಹಾಕುವ ತಗ್ಗನ್ನು ತುಂಬಲಾರದು, ಏಕೆಂದರೆ ನೀವು ಎಷ್ಟು ಹೆಚ್ಚಿಸುತ್ತೀರೋ ತಿರುಗಿ ಬಂದು ಹೊಡೆಯುವ ಅಲೆಯೂ ಅಷ್ಟೇ ಹೆಚ್ಚುತ್ತದೆ.

ಉಳಿಯುವುದು ಜಾಗ ಬದಲಾಯಿಸುವ ದಾರಿ. ಕೋಣೆಯ ನಟ್ಟನಡುವೆ ಉದ್ದಗಲಗಳ ಮೊದಲ ಅನುರಣನಗಳ ಒತ್ತಡ ಸೊನ್ನೆ. ಕುರ್ಚಿ ಅಲ್ಲಿದ್ದರೆ 47ನ್ನು ನೀವು ಕೇಳುವುದೇ ಇಲ್ಲ. ಗೋಡೆಗೆ ಒರಗಿದ ದಿವಾನದ ಮೇಲೆ ಎಲ್ಲವೂ ಪರಾಕಾಷ್ಠೆ, ಮೂಲೆಯಲ್ಲಿ ಇನ್ನೂ ಹೆಚ್ಚು. ಉದ್ದದ ಮೂರನೆಯ ಒಂದು ಭಾಗದ ಹತ್ತಿರ, ಹನ್ನೆರಡಡಿಯಲ್ಲಿ ಹಿಂದಿನ ಗೋಡೆಯಿಂದ ನಾಲ್ಕಡಿ ಮುಂದೆ, ಮೊದಲ ಎರಡು ಅನುರಣನಗಳೂ ಅರ್ಧರ್ಧ ಬಲದಲ್ಲಿ ಸಿಗುತ್ತವೆ. ಪೆಟ್ಟಿಗೆಯದ್ದೂ ಇದೇ ಲೆಕ್ಕ. ಅದರ ಮುಖ ಹಿಂದಿನ ಗೋಡೆಯಿಂದ ಒಂದು ಮೀಟರ್ ದೂರವಿದ್ದರೆ 86 ಹರ್ಟ್ಸ್‌ನ ಸುತ್ತ ಗೋಡೆಯ ಪ್ರತಿಫಲನ ನೇರ ಶಬ್ದವನ್ನು ಅಳಿಸುತ್ತದೆ. ಗೋಡೆಗೆ ಹತ್ತಿರ ತಳ್ಳಿದರೆ ಆ ತಗ್ಗು ಮೇಲಕ್ಕೆ, ಬೇಸಿನ ಸೀಮೆಯಾಚೆಗೆ ಸರಿಯುತ್ತದೆ. ಒಳ್ಳೆಯ ಜಾಗ ಹುಡುಕಲು ಲೆಕ್ಕವೂ ಬೇಡ. ಶಬ್ದ ಹೊರಡುವ ಜಾಗ, ಕೇಳುವ ಜಾಗ ಎರಡನ್ನೂ ಅದಲುಬದಲು ಮಾಡಿದರೂ ಫಲಿತಾಂಶ ಅದೇ ಎಂದು ಲಾರ್ಡ್ ರ‍್ಯಾಲೆ ಹತ್ತೊಂಬತ್ತನೆಯ ಶತಮಾನದಲ್ಲೇ ತೋರಿಸಿದ್ದಾರೆ. ಆದ್ದರಿಂದ ಸಬ್‌ವೂಫರನ್ನು ತಾವು ಕೂರುವ ಕುರ್ಚಿಯ ಮೇಲೇ ಇಟ್ಟು, ನಾಲ್ಕೂ ಸ್ವರ ತಿರುಗುವ ಒಂದು ಬೇಸ್ ಸಾಲು ಹಾಕಿ, ರೆಡ್ ಆಕ್ಸೈಡ್ ನೆಲದ ಮೇಲೆ ಮಂಡಿಯೂರಿ ಗೋಡೆಗುಂಟ ತೆವಳುವುದು. ಗಾಂಧಾರ ಷಡ್ಜದಷ್ಟೇ ತೂಕದಲ್ಲಿ ಎಲ್ಲಿ ಕೇಳುತ್ತದೋ ಪೆಟ್ಟಿಗೆಯನ್ನು ಅಲ್ಲಿಗೆ ತಂದಿಡುವುದು. ಮನೆಯವರು ನಗಬಹುದು, ಭೌತಶಾಸ್ತ್ರ ನಗುವುದಿಲ್ಲ. ಪಕ್ಕದ ಕೋಣೆಯ ಬಾಗಿಲು ತೆರೆದೂ ಮುಚ್ಚಿಯೂ ನೋಡಬೇಕು, ತೆರೆದ ಬಾಗಿಲು ಕೋಣೆಯ ಅಳತೆಯನ್ನೇ ಬದಲಿಸುತ್ತದೆ. ಗಾಡ್ರೇಜ್ ಬೀರುವಿನ ಬಾಗಿಲು, ಶೋಕೇಸಿನ ಗಾಜು, ಅಡುಗೆಮನೆಯ ಸ್ಟೀಲ್ ಡಬ್ಬಗಳ ಮುಚ್ಚಳ ಜರಜರ ಅನ್ನುವುದನ್ನು ಬೇಸಿನ ದೋಷವೆಂದು ಎಣಿಸಿದವರೂ ಕಡಿಮೆಯಿಲ್ಲ. ಅದಕ್ಕೆ ಮಡಿಸಿದ ಕಾಗದದ ಚೂರು ಸಾಕು.

ರೆಕಾರ್ಡ್ ಪ್ಲೇಯರ್ ಇರುವವರಿಗೆ ಇನ್ನೊಂದು ಜಾಗದ ಪ್ರಶ್ನೆ. ಎಲ್‌ಪಿಯಲ್ಲಿ ಬೇಸನ್ನು ಇದ್ದ ಹಾಗೆ ಕೊರೆದರೆ ಗೀರು ಗೀರಿಗೆ ತಾಗುತ್ತದೆ. 1950ರ ದಶಕದಲ್ಲಿ ರೂಢಿಗೆ ಬಂದ ಆರ್‌ಐಎಎ ಕ್ರಮದಂತೆ 50 ಹರ್ಟ್ಸ್‌ನ್ನು ಸುಮಾರು 17 ಡೆಸಿಬಲ್ ತಗ್ಗಿಸಿ ಕೊರೆಯುತ್ತಾರೆ, ಫೋನೊ ಆಂಪ್ಲಿಫೈಯರ್ ಅಷ್ಟನ್ನೇ ಹೆಚ್ಚಿಸುತ್ತದೆ, ಎಂದರೆ ಏಳು ಪಟ್ಟು. ಮುಳ್ಳಿಗೆ ನೆಲದಿಂದ ಬಂದ ನಡುಕವೂ ಅದರ ಜೊತೆಗೇ ಏಳು ಪಟ್ಟಾಗುತ್ತದೆ. ಮರದ ತೊಲೆಗಳ ಮೇಲೆ ನಿಂತ ಮದ್ರಾಸ್ ತಾರಸಿಯ ಮಹಡಿಯಲ್ಲಿ ಸ್ಪೀಕರ್ ನೆಲವನ್ನು, ನೆಲ ಮುಳ್ಳನ್ನು, ಮುಳ್ಳು ಸ್ಪೀಕರನ್ನು ಅಲುಗಿಸುವ ಸುತ್ತು ಶುರುವಾಗಬಹುದು. ಪ್ಲೇಯರನ್ನು ಗೋಡೆಗೆ ಬಡಿದ ಹಲಗೆಯ ಮೇಲಿಟ್ಟರೆ ಸುತ್ತು ಕಡಿಯುತ್ತದೆ.

ಇನ್ನು ಹೆಡ್‌ಫೋನ್. ಅದರಲ್ಲಿ ಕೋಣೆಯ ಕಾಟವೇ ಇಲ್ಲ. ಕಿವಿಗೂ ಹೆಡ್‌ಫೋನಿಗೂ ನಡುವಿನ ಹಿಡಿಯಷ್ಟು ಗಾಳಿಯನ್ನು ಒತ್ತಿದರಾಯಿತು, ಇಪ್ಪತ್ತು ಹರ್ಟ್ಸ್‌ವರೆಗೂ ಇಳಿಯಬಹುದು. ಎದೆಗೆ ತಟ್ಟುವುದಿಲ್ಲ ಎಂಬ ಆಕ್ಷೇಪ ನಿಜ, ಆದರೆ ಮನೆಯಲ್ಲಿ ಕೇಳುವ ಮಟ್ಟದಲ್ಲಿ ಸ್ಪೀಕರೂ ಎದೆಗೆ ತಟ್ಟುವುದಿಲ್ಲ. ಅದಕ್ಕೆ ಬೇಕಾದ ಅಬ್ಬರ ಕರಗದ ರಾತ್ರಿಯ ತಮಟೆಯ ಪಕ್ಕ ನಿಂತಾಗ ಸಿಗುವಂಥದು. ನಡುಮನೆಯಲ್ಲಿ ಅದನ್ನು ಬಯಸುವುದು ಸಂಗೀತದ ಆಸೆಯಲ್ಲ. ಒಬ್ಬರೇ ಕೇಳುವವರಿಗೆ, ವಠಾರದಲ್ಲಿ ಒಂದೇ ಗೋಡೆ ಹಂಚಿಕೊಂಡವರಿಗೆ ಹೆಡ್‌ಫೋನ್ ಒಳ್ಳೆಯ ಉತ್ತರವೇ.

ಹಂಚಿಕೊಂಡ ಗೋಡೆಯ ವಿಷಯದಲ್ಲಿ ಕಾನೂನು ಅಷ್ಟು ನೆರವಾಗದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಈ ಅಳತೆ ಎ-ತೂಕದ್ದು, ಕೆಳದನಿಗೆ ಬಹಳ ರಿಯಾಯಿತಿ ಕೊಡುವಂಥದು. 50 ಹರ್ಟ್ಸ್‌ಗೆ ಬರೋಬ್ಬರಿ 30 ಡೆಸಿಬಲ್ ಕಳೆದುಬಿಡುತ್ತದೆ. ಪಕ್ಕದ ಮನೆಯಲ್ಲಿ 75 ಡೆಸಿಬಲ್ಲಿನ ಬೇಸ್ ಗುನುಗುತ್ತಿದ್ದರೂ ಮೀಟರು ತೋರಿಸುವುದು 45, ಸರಿಯಾಗಿ ರಾತ್ರಿಯ ಮಿತಿ. 44ಕ್ಕೇ 50 ಹರ್ಟ್ಸ್ ಕೇಳತೊಡಗುವ ಕಿವಿಗೆ ಆ 75 ನಿದ್ದೆ ಕೆಡಿಸಲು ಧಾರಾಳ ಸಾಕು. ಗೋಡೆಯೂ ಇದರಲ್ಲಿ ಬೇಸಿನ ಪಕ್ಷ: ಸ್ವರ ಒಂದು ಸ್ಥಾಯಿ ಇಳಿದರೆ ಗೋಡೆಯ ತಡೆ ಸ್ಥೂಲವಾಗಿ ಆರು ಡೆಸಿಬಲ್ ಕುಸಿಯುತ್ತದೆ, ಹಾಡಿನ ಮಾತು ಈಚೆಗೇ ಉಳಿದು ಬೇಸೊಂದೇ ಆಚೆ ದಾಟುತ್ತದೆ. ಹಳೆಯ ಮನೆಯ ಒಂದೂವರೆ ಅಡಿ ಇಟ್ಟಿಗೆ ಗೋಡೆ ಆರಿಂಚಿನ ಬ್ಲಾಕಿಗಿಂತ ಎಷ್ಟೋ ವಾಸಿ, ಆದರೆ ಆ ಗೋಡೆ ಸೂರಿನವರೆಗೂ ಹೋಗದೆ ಹೆಂಚಿನ ಕೆಳಗೆ ನಿಂತುಬಿಟ್ಟ ವಠಾರಗಳಲ್ಲಿ ಆ ದಪ್ಪ ವ್ಯರ್ಥ. ಅಂಥಲ್ಲಿ ಪೆಟ್ಟಿಗೆಯನ್ನು ಹಂಚಿಕೆಯ ಗೋಡೆಯಿಂದ ಬೀದಿ ಕಡೆಯ ಗೋಡೆಗೆ ಸರಿಸಿ, ಕಾಲಿಗೆ ರಬ್ಬರ್ ಕೊಟ್ಟು, 57ರ ಉಬ್ಬನ್ನು ಈಕ್ವಲೈಸರಿನಲ್ಲಿ ಆರೇಳು ಡೆಸಿಬಲ್ ಇಳಿಸಿದರೆ ಈಚೆಯವರಿಗೆ ಗಾಂಧಾರ ಕೇಳತೊಡಗುತ್ತದೆ, ಆಚೆಯವರಿಗೆ ಷಡ್ಜದ ಹೊಡೆತ ಅಷ್ಟರಮಟ್ಟಿಗೆ ತಗ್ಗುತ್ತದೆ.